ಕಾಲು ಕೆಜಿ ಕಸ್ತೂರಿ ಅರಿಶಿನ

ಮದುವೆ ಜವಳಿ ಅಂದರೆ ಹಳೇ ಬೆಂಗಳೂರಿನವರಿಗೆ ಇವತ್ತಿಗೂ ಚಿಕ್ಕಪೇಟೆ, ಬಳೇಪೇಟೆಯೇ. ಮಲ್ಲೇಶ್ವರದವರಿಗೆ ಎಂಟನೇ ಕ್ರಾಸು, ಬಸವನಗುಡಿಯವರಿಗೆ ಗಾಂಧಿಬಜಾರು ಮನೆ ಹತ್ತಿರವೇ ಇದ್ದರೂ, ಸಾಮಾನಿನ ಪಟ್ಟಿ ಕೈಗೆ ಬಂತೆಂದರೆ ಕಾಲು ಪೇಟೆ ಕಡೆಗೇ ತಿರುಗುತ್ತದೆ. 2017ರಲ್ಲಿ ಚಿಕ್ಕಪೇಟೆಗೆ ಮೆಟ್ರೋ ಬಂದ ಮೇಲಂತೂ ಗಾಡಿ ನಿಲ್ಲಿಸುವ ಚಿಂತೆಯೂ ಇಲ್ಲ. ಸೀರೆ ಆಯಿತು, ಬಳೆ ಆಯಿತು, ಕೊನೆಗೆ ಉಳಿಯುವುದು ಗ್ರಂದಿಗೆ ಅಂಗಡಿ. ಸೀಗೆಕಾಯಿ, ಅಂಟುವಾಳ, ಲಾವಂಚ, ಕಚೋರ, ಭದ್ರಮುಷ್ಟಿ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುವ ಜಾಗ. ಹುಡುಗಿಯ ತಾಯಿ ಹೋಮದ ಸಮಿತ್ತಿನಿಂದ ಹಿಡಿದು ಒಣಕೊಬ್ಬರಿಯವರೆಗೆ ಗಟ್ಟಿಯಾಗಿ ಓದುತ್ತಾರೆ. ಕಡೆಯದೊಂದನ್ನು ಮಾತ್ರ ದನಿ ತಗ್ಗಿಸಿ ಕೇಳುತ್ತಾರೆ: "ಕಸ್ತೂರಿ ಅರಿಶಿನ ಇದೆಯಾ? ಮುಖಕ್ಕೆ, ಹುಡುಗೀಗೆ."

"ಕೂದಲಿಗಾ ಅಮ್ಮ? ಎಷ್ಟು, ಕಾಲು ಕೆಜಿನಾ? ಕಡಲೆಹಿಟ್ಟಿನ ಜೊತೆ ಕಲಸಿ ಹಚ್ಚಿ. ಪೂರ್ತಿ ಒಣಗೋಕೆ ಮುಂಚೆ ಉಜ್ಜಿ ತೆಗೀಬೇಕು." ಅಂಗಡಿಯವರು ಜೀರಿಗೆ ತೂಗುವ ದನಿಯಲ್ಲೇ ಹೇಳುತ್ತಾರೆ. ದಿನಕ್ಕೆ ಅದೆಷ್ಟು ತಾಯಂದಿರು ಇದನ್ನೇ ಕೇಳುತ್ತಾರೋ. ಹೆಣ್ಣಿನ ಮೇಲ್ತುಟಿಯ ಮೇಲೆ, ಗಲ್ಲದ ಕೆಳಗೆ ಕೂದಲು ಬರುವುದು ಅಷ್ಟು ಸಾಮಾನ್ಯ ಸಂಗತಿ.

ಕಸ್ತೂರಿ ಅರಿಶಿನ ಅಡುಗೆ ಅರಿಶಿನವಲ್ಲ; ಬೇರೆಯದೇ ಗಿಡ. ಅಡುಗೆಯದರಷ್ಟು ಕಲೆ ಮಾಡುವುದಿಲ್ಲ, ಕೊಂಬು ಮುರಿದರೆ ಕರ್ಪೂರದಂಥ ವಾಸನೆ. ಚರ್ಮಕ್ಕೆ ಹಿತ, ಮುಖಕ್ಕೆ ಕಳೆ. ಆದರೆ ಕೂದಲಿನ ವಿಷಯದಲ್ಲಿ ಅದರಿಂದ ಆಗುವುದು ಸ್ವಲ್ಪವೇ. ಹಿಟ್ಟಿನ ಜೊತೆ ಉಜ್ಜಿದಾಗ ನವಿರು ಕೂದಲು ಒಂದಷ್ಟು ಕಿತ್ತು ಬರಬಹುದು, ಬೇರು ಅಲ್ಲೇ ಇರುತ್ತದೆ. ಹಸುಗೂಸಿಗೂ ನಮ್ಮಲ್ಲಿ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಾರಲ್ಲ, ಹೆಣ್ಣುಮಗು, ಮೈಮೇಲೆ ಕೂದಲು ನಿಲ್ಲಬಾರದು ಅಂತ? ಆ ಕೂದಲು ಉಜ್ಜದಿದ್ದರೂ ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ. ಎಳೆ ಚರ್ಮ ಕೆಂಪಾಗುವುದೊಂದೇ ಲಾಭ ಅಂದರೆ ಆ ಉಜ್ಜಾಟ ಬಿಡುವುದೇ ಒಳ್ಳೆಯದು.

ಕೂದಲು ತೆಗೆಯುವ ಚಿಂತೆ ಬ್ಯೂಟಿ ಪಾರ್ಲರ್ ಬಂದ ಮೇಲೆ ಹುಟ್ಟಿದ್ದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲೇ ಗಾಯದ ಸುತ್ತಲಿನ ಕೂದಲು ತೆಗೆಯಲು ಲೇಪ ಹೇಳಿದೆ: ಶಂಖದ ಪುಡಿ ಎರಡು ಭಾಗ, ಹರಿತಾಳ ಒಂದು ಭಾಗ, ಹುಳಿಯಲ್ಲಿ ಅರೆಯಬೇಕು. ಹರಿತಾಳದಲ್ಲಿ ಗಂಧಕವಿದೆ, ಸುಣ್ಣದ ಜೊತೆ ಸೇರಿದ ಗಂಧಕ ಕೂದಲಿನ ಪ್ರೋಟೀನಿನ ಕಟ್ಟನ್ನು ಸಡಿಲಿಸುತ್ತದೆ. ಇವತ್ತು ಟ್ಯೂಬಿನಲ್ಲಿ ಬರುವ ಹೇರ್ ರಿಮೂವರ್ ಕ್ರೀಮುಗಳಲ್ಲಿರುವ ಥಯೋಗ್ಲೈಕೊಲೇಟ್ ಒಡೆಯುವುದೂ ಅದೇ ಕಟ್ಟನ್ನು. ಆದರೆ ಹರಿತಾಳದಲ್ಲಿ ಗಂಧಕದ ಜೊತೆಗೆ ಆರ್ಸೆನಿಕ್ ಇದೆ, ಶುದ್ಧ ವಿಷ. ಹಳೇ ಪುಸ್ತಕ ನೋಡಿ ಯಾರೂ ಅದನ್ನು ಮುಖಕ್ಕೆ ಹಚ್ಚಬೇಡಿ.

ಈಗಿನವರಿಗೆ ಥ್ರೆಡ್ಡಿಂಗ್ ಇದೆ. ಪಾರ್ಲರ್ ಹುಡುಗಿ ಪೌಡರ್ ಸವರಿ, ಹತ್ತಿ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಎರಡು ಕೈಗೂ ಸುತ್ತಿ, ನಡುವೆ ಹುರಿ ಹಾಕುತ್ತಾಳೆ. "ನಾಲಿಗೆಯಿಂದ ತುಟಿ ಒತ್ತಿ ಹಿಡೀರಿ ಮೇಡಂ." ಆ ಹುರಿ ಅತ್ತಿತ್ತ ಓಡಿದಾಗ ಮೇಲ್ತುಟಿಯಲ್ಲಿ ಕಿಡಿ ಹಾರಿದ ಹಾಗಾಗಿ ಕಣ್ಣಲ್ಲಿ ನೀರು. ಬೇರಿನಿಂದ ಕಿತ್ತರೂ ಬೇರು ಬೆಳೆಯುವ ಗುಳಿ ಉಳಿದಿರುತ್ತದೆ, ಹಾಗಾಗಿ ಕೆಲವು ವಾರಕ್ಕೆ ಮತ್ತೆ ಅದೇ ಕುರ್ಚಿ. ರೇಜರ್ ಮಾತ್ರ ಮುಟ್ಟಬೇಡ, ದಪ್ಪಗೆ ಬರುತ್ತೆ ಅನ್ನುವುದು ನಮ್ಮ ಮನೆಗಳ ಮಾತು. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ 1928ರಲ್ಲೇ ಪರೀಕ್ಷಿಸಿ, ಬೋಳಿಸಿದ ಮಾತ್ರಕ್ಕೆ ಕೂದಲು ದಪ್ಪವಾಗುವುದಿಲ್ಲ ಎಂದು ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ಅನ್ನಿಸುತ್ತದೆ, ಅಷ್ಟೇ.

ನಮ್ಮ ಮಾತೆಲ್ಲ ಹೇಗೆ ತೆಗೆಯೋದು ಅನ್ನುವುದರ ಸುತ್ತಲೇ ತಿರುಗುತ್ತದೆ. ಯಾಕೆ ಬಂತು ಅಂತ ಅಂಗಡಿಯಲ್ಲೂ ಕೇಳುವುದಿಲ್ಲ, ಪಾರ್ಲರಿನಲ್ಲೂ ಕೇಳುವುದಿಲ್ಲ. ಎಷ್ಟೋ ಮನೆಯಲ್ಲಿ ತಾಯಿಯೂ ಕೇಳುವುದಿಲ್ಲ. ನನಗೆ ಕಳವಳವಾಗುವುದು ಇಲ್ಲೇ.

ಕೆಲವರಿಗೆ ಅದು ಮನೆತನದಿಂದ ಬಂದದ್ದು. ಅಜ್ಜಿಗಿತ್ತು, ಅತ್ತೆಗಿತ್ತು, ಇವಳಿಗೂ ಇದೆ. ಅದರಲ್ಲಿ ಕಾಯಿಲೆ ಏನೂ ಇಲ್ಲ. ಮುಟ್ಟು ನಿಂತ ಮೇಲೆ ಗಲ್ಲದಲ್ಲಿ ನಾಲ್ಕು ಬಿರುಸು ಕೂದಲು ಕಾಣಿಸುವುದೂ ಸಹಜ, ಈಸ್ಟ್ರೋಜೆನ್ ಇಳಿದಿರುತ್ತದೆ. ಆದರೆ ಹದಿನಾರು, ಇಪ್ಪತ್ತರ ಹುಡುಗಿಗೆ ಗಲ್ಲ, ಕುತ್ತಿಗೆ, ಎದೆಯ ಮೇಲೆ ಕಪ್ಪಗೆ ದಪ್ಪಗೆ ಬರುತ್ತಾ, ಜೊತೆಗೆ ಡೇಟ್ ಏರುಪೇರಾಗಿ, ಮೊಡವೆ, ತೂಕವೂ ಸೇರಿದರೆ ಅದು ಬಹುಮಟ್ಟಿಗೆ ನಾವೆಲ್ಲ ಪಿಸಿಓಡಿ ಅನ್ನುವ ತೊಂದರೆ. ಷಿಕಾಗೋದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲಿ ಏಳು ಹೆಂಗಸರನ್ನು ನೋಡಿ ಇದನ್ನು ಬರೆದಿಟ್ಟರು. ಮಕ್ಕಳಾಗುವ ವಯಸ್ಸಿನ ನೂರರಲ್ಲಿ ಸುಮಾರು ಹತ್ತು ಹೆಂಗಸರಿಗೆ ಇದಿದೆ, ಅವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದಲ್ಲಿ ಇನ್ಸುಲಿನ್ ಏರಿ ಅಂಡಾಶಯವನ್ನು ಕೆಣಕುತ್ತದೆ, ಅಲ್ಲಿ ಗಂಡು ಹಾರ್ಮೋನು ಹೆಚ್ಚಾಗುತ್ತದೆ, ಮುಖದ ನವಿರು ಕೂದಲು ಬಿರುಸಾಗುತ್ತದೆ. ಸುಮ್ಮನೆ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆಗೆ ದಾರಿ. ಇನ್ನೊಂದು ಮಾತು: ಕೆಲವೇ ತಿಂಗಳಲ್ಲಿ ಕೂದಲು ನುಗ್ಗಿ ಬಂದು, ದನಿಯೂ ಗಡುಸಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಅಪರೂಪಕ್ಕೆ ಒಳಗೆ ಗೆಡ್ಡೆ ಇರುತ್ತದೆ.

ಬಳೇಪೇಟೆಯಿಂದ ಕೆ.ಆರ್. ಮಾರ್ಕೆಟ್ ಕಡೆಗೆ ನಡೆದರೆ ವಿಕ್ಟೋರಿಯಾ ಆಸ್ಪತ್ರೆ, 1900ರಿಂದಲೂ ಅಲ್ಲೇ ಇದೆ. ಅಲ್ಲಿ ಚರ್ಮದ ವಿಭಾಗವಿದೆ. ಪಕ್ಕದಲ್ಲೇ ವಾಣಿವಿಲಾಸದಲ್ಲಿ ಹೆಂಗಸರ ಡಾಕ್ಟರಿದ್ದಾರೆ. ಅರಿಶಿನ ಕೊಂಡ ಮೇಲೆ ಅಲ್ಲಿಗೂ ಹೋಗಬಹುದಲ್ಲ? ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆಗಿ ಮಾತ್ರೆ ಕೊಟ್ಟರೆ ಫಲ ಕಾಣಲು ಆರು ತಿಂಗಳಾದರೂ ಬೇಕು, ಕೂದಲಿನ ಆಯುಸ್ಸು ಅಷ್ಟಿದೆ. ತೂಕ ಸ್ವಲ್ಪ ಇಳಿದರೂ ಅನುಕೂಲ. ಲೇಸರ್ ಮಾಡಿಸುವವರು ಒಂದು ತಿಳಿದಿರಲಿ: ಲೇಸರಿನ ಬೆಳಕು ಹುಡುಕುವುದು ಕಪ್ಪು ಬಣ್ಣವನ್ನು. ಹಾಗಾಗಿ ಬಿಳಿ ಕೂದಲಿಗೆ ಅದು ನಾಟುವುದಿಲ್ಲ, ನಮ್ಮಂಥ ಕಂದು ಚರ್ಮಕ್ಕೆ ತಪ್ಪು ಮೆಷಿನ್ ಹಿಡಿದರೆ ಸುಟ್ಟ ಕಲೆ ಉಳಿಯುತ್ತದೆ. ನಮ್ಮ ಬಣ್ಣಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಆಫರಿನ ಬೋರ್ಡ್ ನೋಡಿ ಒಳಗೆ ಹೋಗದೆ, ಚರ್ಮದ ಡಾಕ್ಟರನ್ನು ಕೇಳಿ ಮಾಡಿಸಿ.

ಇನ್ನು, ಏನೂ ತೆಗೆಯದೆ ಹಾಗೇ ಇರುತ್ತೇನೆ ಅನ್ನುವ ಹುಡುಗಿಯರೂ ಇದ್ದಾರೆ. ಅದು ಅವರ ಮುಖ, ಅವರ ಇಷ್ಟ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸನಾಗಿ, ರಾವಣನಾಗಿ, ಭೀಮನಾಗಿ ರಂಗದ ಮೇಲೆ ಗರ್ಜಿಸಿದಾಗ ಜನ ಚಪ್ಪಾಳೆ ತಟ್ಟಿದರು. 2012ರಲ್ಲಿ ಪದ್ಮಶ್ರೀಯೂ ಬಂತು. ರಂಗದ ಮೇಲೆ ಹೆಣ್ಣು ಗಂಡಾಗಿ ಮೆರೆದರೆ ನಮಗೆ ಹೆಮ್ಮೆ. ಹುಡುಗಿಯ ತುಟಿಯ ಮೇಲೆ ತಾನಾಗಿ ಮೂಡಿದ ನಾಲ್ಕು ಕೂದಲು ಮಾತ್ರ ನಮಗೆ ಯಾಕೆ ಇಷ್ಟು ಚುಚ್ಚಬೇಕು? 2024ರಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿ ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಮೊದಲು ಬಂದ ಹುಡುಗಿಯ ಫೋಟೋ ಬಂದಾಗ, ಅಂಕ ಬಿಟ್ಟು ಅವಳ ಮುಖದ ಕೂದಲಿನ ಮೇಲೆ ದೇಶವೆಲ್ಲ ಗೇಲಿ ಹರಿದಾಡಿತು. ಒಂದೆರಡು ಅಂಕ ಕಡಿಮೆ ಬಂದಿದ್ದರೆ ಚೆನ್ನಾಗಿತ್ತು, ಯಾರೂ ನನ್ನನ್ನು ಗಮನಿಸುತ್ತಿರಲಿಲ್ಲ ಅನ್ನುವ ಅರ್ಥದ ಮಾತನ್ನು ಆ ಮಗು ಆಡಬೇಕಾಯಿತು. ಓದಿದ ನನಗೆ ಹೊಟ್ಟೆ ಕಿವುಚಿದಂತಾಯಿತು.

ಹಾಗಾಗಿ ಮನೆಯಲ್ಲಿ ಹೆಣ್ಣುಮಕ್ಕಳಿರುವ ಅಮ್ಮಂದಿರು ದನಿ ತಗ್ಗಿಸದೆ ಕೇಳಿ: "ಡೇಟ್ ಸರಿಯಾಗಿ ಆಗ್ತಾ ಇದೆಯೇನೇ? ಇದು ಯಾವಾಗಿಂದ ಬರ್ತಿದೆ?" ಆಮೇಲೆ ತೆಗೆಯುವುದೋ ಬಿಡುವುದೋ ಅವಳೇ ಹೇಳಲಿ. ಗಂಡುಮಕ್ಕಳಿರುವ ಮನೆಯಲ್ಲೂ ಈ ಮಾತು ಊಟದ ಹೊತ್ತಿಗೆ ಬರಲಿ. ಮೀಸೆ ಅಂತ ಕ್ಲಾಸಿನಲ್ಲಿ ಯಾರಾದರೂ ನಕ್ಕಾಗ, ನಗುವವನ ಪಕ್ಕ ಕೂತ ನಮ್ಮ ಹುಡುಗ "ಸುಮ್ನಿರೋ, ಅದು ಎಷ್ಟೋ ಜನಕ್ಕಿರತ್ತೆ" ಅನ್ನುವಷ್ಟು ತಿಳಿದಿರಬೇಕು.