ಕರೆದವರು ಮಾತ್ರ ಬರಲಿ

ನಾನು ನೆಟ್‌ವರ್ಕ್ ಎಂಜಿನಿಯರ್. ಹಗಲಲ್ಲಿ ರೌಟರ್ ಮುಟ್ಟಿದರೆ ಎಲ್ಲರ ಕೆಲಸ ನಿಲ್ಲುತ್ತೆ ಅಂತ ನಮ್ಮ ಕೆಲಸ ಶುರುವಾಗೋದೇ ರಾತ್ರಿ ಹನ್ನೊಂದರ ಮೇಲೆ. ಕಳೆದ ವರ್ಷ ಒಂದು ಆಸ್ಪತ್ರೆಯ ಶಾಖೆಗಳನ್ನು ಜೋಡಿಸುವ ರೌಟರ್‌ಗಳಿಗೆ ಓಎಸ್‌ಪಿಎಫ್ ಹಾಕಬೇಕಿತ್ತು. ಡೇಟಾ ಯಾವ ದಾರಿಯಲ್ಲಿ ಹೋಗಬೇಕು ಅನ್ನೋದನ್ನು ರೌಟರ್‌ಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಕಂಡುಕೊಳ್ಳುವ ವ್ಯವಸ್ಥೆ ಅದು. ನಮ್ಮ ಅಪ್ಪ ಸಕ್ಕರೆ ಕಾಯಿಲೆಗೆ ತೋರಿಸೋದೂ ಅದೇ ಆಸ್ಪತ್ರೆಯಲ್ಲಿ.

ಟೀಮ್‌ಗೆ ಹೊಸದಾಗಿ ಸೇರಿದ್ದ ಹುಡುಗ ಹೇಳಿದ: "ಮೇಡಂ, 0.0.0.0 255.255.255.255 ಅಂತ ಒಂದೇ ಸಾಲು ಹಾಕಿಬಿಡೋಣ. ಎಲ್ಲಾ ಸೇರಿಕೊಳ್ಳುತ್ತೆ, ಬೇಗ ಮನೆಗೆ ಹೋಗಬಹುದು."

ಆ ಸಾಲು ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ ಅದರ ಎರಡನೇ ಭಾಗ, ಅಂದರೆ ವೈಲ್ಡ್‌ಕಾರ್ಡ್ ಮಾಸ್ಕ್, ಏನು ಹೇಳ್ತಿದೆ ನೋಡಿ. ಅದರಲ್ಲಿ 0 ಬಿಟ್ ಅಂದ್ರೆ "ಇದು ಹೊಂದಲೇಬೇಕು", 1 ಅಂದ್ರೆ "ಏನಿದ್ದರೂ ಸರಿ". ಸಬ್‌ನೆಟ್ ಮಾಸ್ಕನ್ನು 255.255.255.255ರಿಂದ ಕಳೆದರೆ ಅದು ಸಿಗುತ್ತೆ: 255.255.255.192 ಇದ್ದರೆ 0.0.0.63. ಇದು ಜಾಲದ ಅಳತೆ ಅಂತ ಸುಮಾರು ಜನ ಅಂದ್ಕೋತಾರೆ. ಸಿಸ್ಕೋ ರೌಟರ್‌ನಲ್ಲಿ ಇದು ಆರಿಸೋದು ಯಾವ ಇಂಟರ್‌ಫೇಸ್ ಓಎಸ್‌ಪಿಎಫ್‌ಗೆ ಸೇರಬೇಕು ಅನ್ನೋದನ್ನು ಮಾತ್ರ. ಅಳತೆ ಬರೋದು ಆ ಇಂಟರ್‌ಫೇಸ್‌ಗೆ ಕೊಟ್ಟಿರುವ ಮಾಸ್ಕ್‌ನಿಂದ.

ಮದುವೆಗೆ ಕರೆದ ಹಾಗೆ ಅಂತ ಅವನಿಗೆ ಹೇಳಿದೆ. 10.1.5.1 0.0.0.0 ಅಂದ್ರೆ ಒಬ್ಬರ ಹೆಸರಿಗೇ ಕೊಟ್ಟ ಕರೆಯೋಲೆ. 10.1.5.0 0.0.0.255 ಅಂದ್ರೆ ಇಡೀ ಬೀದಿಗೆ ಕರೆ. ಅವನ ಸಾಲು ಊರಿಗೇ ಡಂಗುರ. ನಾಳೆ ಊರಿಗೆ ಹೊಸದಾಗಿ ಬರೋರಿಗೂ ಸೇರಿ.

ಐದು ಇಂಟರ್‌ಫೇಸ್‌ಗೆ ಐದು ಸಾಲು ಬರೆದೆವು. ಹತ್ತು ನಿಮಿಷ ಹೆಚ್ಚು ಹಿಡಿಯಿತು.

ಮೂರು ತಿಂಗಳ ನಂತರ ಅದೇ ರೌಟರ್‌ಗೆ ಹೊರಗಿನ ಲ್ಯಾಬ್ ಒಂದರ ಲೈನ್ ಬಂತು. ಡಂಗುರ ಸಾರಿದ್ದರೆ ಆ ಕಡೆಗೂ 10 ಸೆಕೆಂಡಿಗೊಮ್ಮೆ 'ಹಲೋ' ಹೋಗ್ತಿತ್ತು. ಆ ಕಡೆಯ ರೌಟರ್‌ನಲ್ಲೂ ಓಎಸ್‌ಪಿಎಫ್ ಇದ್ದು ಸೆಟ್ಟಿಂಗ್ ಹೊಂದಿಬಿಟ್ಟರೆ, ಅವರ ದಾರಿಗಳು ಆಸ್ಪತ್ರೆಯ ಜಾಲದೊಳಗೆ ಬಂದುಬಿಡಬಹುದಿತ್ತು. ರಕ್ತಪರೀಕ್ಷೆಯ ವರದಿ ದಾರಿ ತಪ್ಪಿದರೆ ಕೌಂಟರ್ ಮುಂದೆ ಕಾಯೋದು ನಮ್ಮಪ್ಪನಂಥವರು.

ಬರೀ ಕಂಪ್ಯೂಟರ್‌ಗಳಿರುವ ಕಡೆ ಜಾಲದ ವಿಳಾಸ ತಿಳಿಸಬೇಕು, ಆದರೆ ಹಲೋ ಬೇಡ ಅಂದ್ರೆ ಪ್ಯಾಸಿವ್ ಇಂಟರ್‌ಫೇಸ್ ಮಾಡಿ. ಕೊನೆಗೆ 'ಶೋ ಐಪಿ ಓಎಸ್‌ಪಿಎಫ್ ಇಂಟರ್‌ಫೇಸ್ ಬ್ರೀಫ್' ಕೊಟ್ಟು ಪಟ್ಟಿ ಓದಿ. ಕರೆಯದವರು ಯಾರಾದರೂ ಬಂದು ಕೂತಿದ್ದರೆ ಅಲ್ಲೇ ಕಾಣಿಸ್ತಾರೆ.