ಉದಕಮಂಡಲವೂ ಅತಿಥಿಧರ್ಮವೂ

ಬಂದವರನ್ನು ಆದರಿಸುವುದು ಮನೆಯವರ ಧರ್ಮವೆಂಬುದನ್ನು ನಾವೆಲ್ಲರೂ ಚಿಕ್ಕಂದಿನಿಂದಲೇ ಕೇಳಿರುವೆವು. ಬಂದವರಿಗೂ ಒಂದು ಧರ್ಮವುಂಟೆಂದು ಹೇಳುವವರು ವಿರಳ. ನೆಂಟರು ನಾಲ್ಕು ದಿನವಿದ್ದು, ಬಾವಿಯ ನೀರನ್ನೆಲ್ಲ ಬರಿದುಮಾಡಿ, ಉಂಡ ಎಲೆಯನ್ನು ಅಂಗಳದಲ್ಲಿಯೇ ಬಿಟ್ಟು ಹೊರಟರೆ, ಮನೆಯವರು ದಾಕ್ಷಿಣ್ಯದಿಂದ ಏನನ್ನೂ ಆಡಲಾರರು. ಆದರೆ ಮರುವರ್ಷ ಆ ಮನೆಯ ಬಾಗಿಲು ಅಷ್ಟು ಸಂತೋಷದಿಂದ ತೆರೆಯಲಾರದು. ಮನೆಗೆ ಸಲ್ಲುವ ಈ ಮಾತು ಊರಿಗೂ ಸಲ್ಲುವುದೆಂಬುದು, ನಮ್ಮ ಶಾಲೆಯ ಮೇಲ್ತರಗತಿಗಳ ವಿದ್ಯಾರ್ಥಿನಿಯರೂ ಉಪಾಧ್ಯಾಯಿನಿಯರೂ ಕೂಡಿ ಉದಕಮಂಡಲಕ್ಕೆ ಕೈಕೊಂಡ ಪ್ರವಾಸದಲ್ಲಿ ನಮಗೆ ಮನದಟ್ಟಾಯಿತು.

ಜನರು ಊಟಿಯೆಂದು ಕರೆಯುವ ಈ ನಗರವು ತಮಿಳುನಾಡಿನ ನೀಲಗಿರಿ ಬೆಟ್ಟಗಳ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವುದು. 2011ರ ಜನಗಣತಿಯಲ್ಲಿ ಇಲ್ಲಿಯ ನಿವಾಸಿಗಳ ಸಂಖ್ಯೆ 88,430. ಕೊಯಮತ್ತೂರಿನ ಕಲೆಕ್ಟರರಾಗಿದ್ದ ಜಾನ್ ಸಲಿವನ್ ಎಂಬವರು 1820ರ ದಶಕದಲ್ಲಿ ಇಲ್ಲಿ ಮನೆಯನ್ನೂ ಕೆರೆಯನ್ನೂ ಕಟ್ಟಿಸಿದರು. 1848ರಲ್ಲಿ ಸಸ್ಯೋದ್ಯಾನವು ಆರಂಭವಾಯಿತು. 1908ರಲ್ಲಿ ಬೆಟ್ಟದ ರೈಲು ಇಲ್ಲಿಯವರೆಗೆ ಬಂದಿತು. ಇವೆಲ್ಲಕ್ಕೂ ಬಹುಕಾಲ ಮುಂಚೆಯೇ ತೋಡರು, ಕೋಟರು, ಬಡಗರು ಮೊದಲಾದವರು ಈ ಬೆಟ್ಟಗಳಲ್ಲಿ ನೆಲಸಿದ್ದರೆಂಬುದನ್ನು ಮರೆಯತಕ್ಕುದಲ್ಲ. ಬಡಗವೆಂದರೆ ಉತ್ತರ ದಿಕ್ಕು. ಆ ಜನರ ನುಡಿಯು ನಮ್ಮ ಕನ್ನಡಕ್ಕೆ ಬಹು ಹತ್ತಿರದ ಬಂಧು. ಸಂತೆಯಲ್ಲಿ ಗಜ್ಜರಿಗಳನ್ನು ಮಾರುತ್ತಿದ್ದ ಒಬ್ಬ ಅಜ್ಜಿಯ ಮಾತುಗಳಲ್ಲಿ ಅರ್ಧದಷ್ಟು ನಮಗೆ ತಿಳಿದುಬಂದಾಗ, ದೂರದ ಊರಿನಲ್ಲಿ ತಾಯ ತವರಿನವರನ್ನು ಕಂಡಂತಾಯಿತು.

ಊರು ಚಿಕ್ಕದು, ಅದರ ಕೀರ್ತಿ ದೊಡ್ಡದು. ಕಷ್ಟದ ಮೂಲವೂ ಇದೇ. ಬೆಟ್ಟದ ಕಣಿವೆಗಳಲ್ಲಿರುವ ಶೋಲಾ ಕಾಡುಗಳೂ ಅವುಗಳ ಸುತ್ತಲಿನ ಹುಲ್ಲುಗಾವಲುಗಳೂ ಮಳೆಯ ನೀರನ್ನು ಹೀರಿಟ್ಟುಕೊಂಡು ವರ್ಷವೆಲ್ಲ ಮೆಲ್ಲಮೆಲ್ಲನೆ ಹರಿಯಬಿಡುವುವು. ಆ ನೀರು ಮೋಯಾರ್ ಮತ್ತು ಭವಾನಿ ನದಿಗಳನ್ನು ಕೂಡಿ, ಕಡೆಗೆ ಕಾವೇರಿಯನ್ನು ಸೇರುವುದು. ಆದುದರಿಂದ ಬೆಟ್ಟದ ಮೇಲೆ ಎಸೆದ ಕಸವು ಬೆಟ್ಟದವರೊಬ್ಬರ ಕಸವಲ್ಲ. ಸಲಿವನರು ಕಟ್ಟಿಸಿದ ಕೆರೆಗೆ ಬಹುಕಾಲದಿಂದ ಊರಿನ ಕೊಳಚೆ ನೀರು ಹರಿದುಬಂದುದನ್ನು ಕೇಳಿ ನಮಗೆ ವ್ಯಸನವಾಯಿತು. ಕಾಡುಕೋಣ, ಜಿಂಕೆ ಮುಂತಾದ ಮೂಕಪ್ರಾಣಿಗಳು ತಿಂಡಿಯ ವಾಸನೆಗೆ ಮರುಳಾಗಿ ಪ್ಲಾಸ್ಟಿಕ್ ಚೀಲಗಳನ್ನು ನುಂಗಿ ನರಳುವುದೂ ಉಂಟು.

ಈ ದುಃಸ್ಥಿತಿಯನ್ನು ನೋಡಿ ಊರು ಸುಮ್ಮನಿರಲಿಲ್ಲವೆಂಬುದೇ ನಾವು ಹೇಳಬೇಕಾದ ಸಂಗತಿ. 2000ನೆಯ ಇಸವಿಯಲ್ಲಿ, ಅಂದು ನೀಲಗಿರಿಯ ಕಲೆಕ್ಟರರಾಗಿದ್ದ ಶ್ರೀಮತಿ ಸುಪ್ರಿಯಾ ಸಾಹು ಅವರು 'ಆಪರೇಷನ್ ಬ್ಲೂ ಮೌಂಟನ್' ಎಂಬ ಹೆಸರಿನಿಂದ ಪ್ಲಾಸ್ಟಿಕ್ ವಿರುದ್ಧ ಚಳವಳಿಯನ್ನು ಹೂಡಿದರು. ದೇಶದ ಬಹುಭಾಗದಲ್ಲಿ ಇಂತಹ ಆಲೋಚನೆಯೇ ಇನ್ನೂ ಹುಟ್ಟಿರದ ಕಾಲವದು. 2019ರ ಜನವರಿ 1ರಿಂದ ತಮಿಳುನಾಡು ರಾಜ್ಯವೆಲ್ಲ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಅದೇ ವರ್ಷ ನೀಲಗಿರಿಯಲ್ಲಿ ನೀರಿನ ಸಣ್ಣ ಬಾಟಲಿಗಳಿಗೂ ತಡೆ ಬಂದಿತು. ಬದಲಿಗೆ ನಾಣ್ಯ ಹಾಕಿ ನೀರು ಹಿಡಿಯುವ ಯಂತ್ರಗಳನ್ನು ಅಲ್ಲಲ್ಲಿ ನಿಲ್ಲಿಸಿದರು.

ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ನಾವು ಸರಕಾರಿ ಬಸ್ಸಿನಲ್ಲಿ ಹೋದೆವು. ಆ ಕಾಡಿನ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರಕ್ಕೆ 2009ರಿಂದ ತಡೆಯಿರುವುದರಿಂದ ಬೆಳಗಾದ ಮೇಲೆಯೇ ಹೊರಟಿದ್ದೆವು. ಗಡಿಯ ತಪಾಸಣೆಯ ಕಟ್ಟೆಯಲ್ಲಿ ನಮ್ಮ ಚೀಲಗಳನ್ನು ಬಿಚ್ಚಿ ನೋಡಿದರು. ಉಪಾಧ್ಯಾಯಿನಿಯರು ಮುಂಚೆಯೇ ಹೇಳಿದ್ದುದರಿಂದ ನಮ್ಮಲ್ಲಿ ಸ್ಟೀಲಿನ ನೀರಿನ ಪಾತ್ರೆಗಳೂ ತಿಂಡಿಯ ಡಬ್ಬಿಗಳೂ ಬಟ್ಟೆಯ ಚೀಲಗಳೂ ಮಾತ್ರ ಇದ್ದುವು. ಮುಂದಿನ ಕಾರಿನಲ್ಲಿದ್ದ ಗೃಹಸ್ಥರೊಬ್ಬರು, "ಹಣ ಕೊಟ್ಟು ಬರುವವರಿಗೆ ಇಷ್ಟೊಂದು ಕಟ್ಟಳೆಯೇ?" ಎಂದು ಸಿಡುಕಿದರು. ತಪಾಸಣೆಯ ಹೆಂಗಸು, "ಅಣ್ಣಾ, ನೀವು ನಾಳೆ ಇಳಿದು ಹೋಗುವಿರಿ; ನಾವು ಇಲ್ಲಿಯೇ ಇರಬೇಕಲ್ಲವೇ?" ಎಂದು ಮೆಲ್ಲನೆ ನುಡಿದಳು. ದೊಡ್ಡ ಉಪನ್ಯಾಸಗಳಲ್ಲಿಯೂ ಇದಕ್ಕಿಂತ ಹೆಚ್ಚಿನ ಅರ್ಥವನ್ನು ನಾವು ಕೇಳಿಲ್ಲ.

ಕಸದಂತೆಯೇ ವಾಹನಗಳೂ ಊರಿಗೆ ಹೊರೆಯಾದುವು. ಬೇಸಗೆಯ ದಿನಗಳಲ್ಲಿ ನೀಲಗಿರಿಗೆ ದಿನವೊಂದಕ್ಕೆ 20,000ಕ್ಕೂ ಹೆಚ್ಚು ವಾಹನಗಳು ಬರುತ್ತಿರುವುವೆಂಬ ಲೆಕ್ಕವು ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ನ್ಯಾಯಾಲಯದ ಆಜ್ಞೆಯಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸು ಅವಶ್ಯವಾಯಿತು. 2025ರ ಏಪ್ರಿಲಿನಿಂದ ಜೂನಿನವರೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದು ಮಿತಿಯನ್ನೂ ಕಟ್ಟಿದರು. ಊರವರ ವಾಹನಗಳಿಗೂ ಸರಕಾರಿ ಬಸ್ಸುಗಳಿಗೂ ಈ ಕಟ್ಟು ತಗಲಲಿಲ್ಲ. ಬೆಟ್ಟವು ಎಷ್ಟು ಜನರ ಭಾರವನ್ನು ತಾಳಬಲ್ಲುದೆಂಬುದನ್ನು ಶೋಧಿಸುವ ಕೆಲಸವು ಮದರಾಸಿನ ಐಐಟಿಗೂ ನಮ್ಮ ಬೆಂಗಳೂರಿನ ಐಐಎಮ್ಮಿಗೂ ಒಪ್ಪಿಸಲ್ಪಟ್ಟಿತು.

ಇಲ್ಲಿಯೇ ನಮ್ಮೊಳಗೆ ಒಂದು ವಾದವೆದ್ದಿತು. ಮಿತಿಯನ್ನು ಎಲ್ಲರೂ ಹೊಗಳುತ್ತಿದ್ದಾಗ, ಚಹಾದ ಅಂಗಡಿಯ ಮುದುಕರೊಬ್ಬರು, "ಮಕ್ಕಳೇ, ಎರಡು ತಿಂಗಳ ದುಡಿಮೆಯಲ್ಲಿ ನಾವು ಹನ್ನೆರಡು ತಿಂಗಳು ಉಣ್ಣಬೇಕು. ಬರುವವರು ಕಡಮೆಯಾದರೆ ಮೊದಲು ಆರುವುದು ನಮ್ಮ ಒಲೆ" ಎಂದರು. 2025ರ ಏಪ್ರಿಲಿನ ಆರಂಭದಲ್ಲಿ ವರ್ತಕರು ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದ್ದು ಈ ಭಯದಿಂದಲೇ. ಹಾಗಾದರೆ ಕಾಡು ಉಳಿಯಬೇಕೋ, ಬಡವನ ಒಲೆ ಉಳಿಯಬೇಕೋ? ರಾತ್ರಿ ಕಂಬಳಿ ಹೊದ್ದು ಕುಳಿತು ನಾವು ಬಹಳ ಹೊತ್ತು ಚರ್ಚಿಸಿದೆವು. ಕೆಲವರು ಇತ್ತ, ಕೆಲವರು ಅತ್ತ.

ಕಡೆಗೆ ನಮಗೆ ತೋರಿದುದಿಷ್ಟು. ನೀರು ಬತ್ತಿ ಕಾಡು ಸೊರಗಿದ ಊರಿಗೆ ನೋಡುವವರಾದರೂ ಏಕೆ ಬಂದಾರು? ಆದುದರಿಂದ ಮಿತಿಯು ಅಂಗಡಿಯವನ ವೈರಿಯಲ್ಲ. ಆದರೆ ಮಿತಿಯ ಭಾರವನ್ನು ಅವನೊಬ್ಬನ ಹೆಗಲಿಗೆ ಹೊರಿಸಿದರೆ ಅದು ನ್ಯಾಯವಾಗದು. ನಲವತ್ತು ಜನರು ಹತ್ತು ಕಾರುಗಳಲ್ಲಿ ಬರುವ ಬದಲು ಒಂದೇ ಬಸ್ಸಿನಲ್ಲಿ ಬಂದರೆ ದಾರಿಯು ಹಗುರಾಗುವುದು, ಚಹಾದ ಲೋಟಗಳೇನೂ ಕಡಮೆಯಾಗವು. ಒಂದೇ ತಿಂಗಳಿನಲ್ಲಿ ನುಗ್ಗದೆ ಬೇರೆಬೇರೆ ತಿಂಗಳುಗಳಲ್ಲಿ ಹೋದರೆ ಒಲೆಯೂ ವರ್ಷವೆಲ್ಲ ಉರಿದೀತು. ಹಾಗೆಯೇ, ಬಾಟಲಿಯನ್ನು ತಡೆದವರು ಶುದ್ಧವಾದ ನೀರನ್ನು ಕೈಗೆ ಸಿಗುವಂತೆ ಇಡಬೇಕು. ಯಂತ್ರವು ಕೆಟ್ಟು ನಿಂತ ದಿನ ಬಾಯಾರಿದವನಿಗೆ ಕಟ್ಟಳೆಯು ನೀರು ಕೊಡಲಾರದು. ಕಟ್ಟಳೆ, ಅದಕ್ಕೆ ತಕ್ಕ ಅನುಕೂಲ, ಬಂದವರ ಸೌಜನ್ಯ, ಈ ಮೂರೂ ಕೂಡಿದಲ್ಲಿ ಮಾತ್ರ ಊರು ಬಾಳುವುದು.

ಪ್ರಿಯ ಭಗಿನಿಯರೇ, 1986ರಲ್ಲಿ ರಚಿತವಾದ ನೀಲಗಿರಿ ಜೀವಗೋಳ ರಕ್ಷಣಾ ವಲಯದಲ್ಲಿ ನಮ್ಮ ಬಂಡೀಪುರವೂ ನಾಗರಹೊಳೆಯೂ ಸೇರಿರುವುವು. ಕಾಡಿಗೆ ರಾಜ್ಯಗಳ ಗಡಿಯು ತಿಳಿಯದು. ನಮ್ಮ ಜವಾಬ್ದಾರಿಯೂ ಗಡಿಯಲ್ಲಿ ಮುಗಿಯದು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೂ ನೂರಾರು ಅತಿಥಿಗಳು ಬರುವರು. ಈ ಸಲ ಅವರಿಗೆ ವಿದ್ಯಾರ್ಥಿನಿಲಯದ ಸ್ಟೀಲಿನ ಲೋಟಗಳಲ್ಲಿಯೇ ನೀರು ಕೊಡುವುದೆಂದೂ, ಅವನ್ನು ನಾವೇ ಸರದಿಯಂತೆ ತೊಳೆಯುವುದೆಂದೂ ಪ್ರವಾಸದಿಂದ ಬಂದವರೆಲ್ಲ ಗೊತ್ತುಮಾಡಿಕೊಂಡಿರುವೆವು. ಕೆಲಸ ಹೆಚ್ಚು, ಕೈಗಳೂ ಹೆಚ್ಚು ಬೇಕು. ಬರಲಿಚ್ಛಿಸುವವರು ಮುಂಚಿತವಾಗಿ ಹೆಸರು ಕೊಡಬೇಕಾಗಿ ಕೋರುವೆವು.