ಹೊಸ್ತಿಲ ಹೊರಗಿಂದ ನೋಡಿದ ಗೋಕು

ಉದ್ದ ಪೋಸ್ಟು, ಪುರಸೊತ್ತಿದ್ದಾಗ ಓದ್ರಿ.

ಮೊನ್ನೆ ರಾತ್ರಿ ನಾವು ಒಂಬತ್ತು ಜನ ಸೇರಿ 'ಡ್ರ್ಯಾಗನ್ ಬಾಲ್ ಝಡ್'ನ 291ನೇ ಕಂತು, ಅಂದರೆ ಕಡೆಯ ಕಂತು, ನೋಡಿ ಮುಗಿಸಿದೆವು. ಸೇರಿ ಅಂದರೆ ಒಂದೇ ಕೋಣೆಯಲ್ಲಿ ಅಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಅವರವರ ಮನೆಯಲ್ಲಿ ಅವರವರ ಮೊಬೈಲ್ ಹಿಡಕೊಂಡು. ರಾತ್ರಿ ಹತ್ತಕ್ಕೆ ಒಬ್ಬರು 'ಹೂಂ' ಅಂತ ಬರೆದರೆ ಎಲ್ಲರೂ ಒಮ್ಮೆಲೆ ಶುರು ಮಾಡೂದು, ಮುಗಿದ ಮೇಲೆ ನಿದ್ದೆ ಬರುವತನಕ ಮಾತು. ನಲವತ್ತು ದಾಟಿದ ಗುಮಾಸ್ತ, ಮೀಸಿ ಬೆಳ್ಳಗಾಗಾಕ ಹತ್ಯಾವು, ಕಾರ್ಟೂನ್ ನೋಡ್ತಾನ ಅಂತ ನಗುವವರು ನಗಲಿ. ನಮ್ಮ ಮನೆಯಲ್ಲಿ ನಕ್ಕು ಮುಗಿದಿದೆ.

ಈ ಗುಂಪು ಕಾರ್ಟೂನಿಗಾಗಿ ಮಾಡಿದ್ದಲ್ಲ. ಎಫ್‌ಐಆರ್ ಪ್ರತಿ, ತಹಶೀಲ್ದಾರರಿಗೆ ಕೊಡುವ ಮನವಿಯ ಕರಡು, ಹಾಸ್ಟೆಲ್ ಅನ್ನದ ಫೋಟೊ, ಸ್ಮಶಾನದ ಜಾಗದ ಉತಾರ, ಇಂಥವೇ ಹರಿದಾಡುವ ಗುಂಪು. 2024ರ ಮಾರ್ಚ್ 8ಕ್ಕೆ ಅದರೊಳಗೆ ಅಥಣಿಯ ಅಕ್ಕ ಒಂದು ಸುದ್ದಿ ಹಾಕಿದರು. ಜಪಾನಿನ ಅಕಿರಾ ತೊರಿಯಾಮಾ ತೀರಿಕೊಂಡಿದ್ದಾರೆ, 68 ವರ್ಷ, ಮಾರ್ಚ್ 1ಕ್ಕೇ ಹೋಗಿದ್ದರು, ಸುದ್ದಿ ಈಗ ಹೊರಬಂದಿದೆ. 1984ರಿಂದ 1995ರವರೆಗೆ ವಾರಪತ್ರಿಕೆಯೊಂದರಲ್ಲಿ 'ಡ್ರ್ಯಾಗನ್ ಬಾಲ್' ಚಿತ್ರಕಥೆ ಬರೆದವರು ಅವರು. ಅದರ 'ಝಡ್' ಭಾಗ ಜಪಾನಿನ ಟಿವಿಯಲ್ಲಿ 1989ರಿಂದ 1996ರವರೆಗೆ ಬಂತು. ಅಕ್ಕ ಸುದ್ದಿಯ ಕೆಳಗೆ "ನಾ ಅತ್ತೆ" ಅಂತ ಎರಡೇ ಶಬ್ದ ಬರೆದಿದ್ದರು. ಆಗ ಗೊತ್ತಾಯಿತು, ನಮ್ಮಲ್ಲಿ ಅರ್ಧ ಜನ ಹುಡುಗರಿದ್ದಾಗ ಇದನ್ನು ನೋಡಿದವರೇ.

ನಾನು ನೋಡಿದ್ದು ಹೆಂಗ ಅಂತ ಹೇಳಬೇಕು.

2002-03ರ ಸುಮಾರು. ನಿಪ್ಪಾಣಿಯಲ್ಲಿ ಬಿಎ ಓದ್ತಿದ್ದೆ. ಅವ್ವ ತಂಬಾಕದ ವಖಾರಿಗೆ ಹೋಗ್ತಿದ್ದಳು. ಸಂಜಿಮುಂದ ನಾನು ಕೇಬಲ್ ಬಿಲ್ ವಸೂಲಿ ಮಾಡ್ತಿದ್ದೆ, ಸೈಕಲ್ ಮೇಲೆ, ಒಂದು ಬಿಲ್‌ಬುಕ್ಕು, ಒಂದು ಪೆನ್ನು. ಆ ಹೊತ್ತಿಗೆ ಮನೆಮನೆಗಳಲ್ಲಿ ಹುಡುಗರು ಶಾಲೆಯಿಂದ ಬಂದು ಕಾರ್ಟೂನ್ ನೆಟ್‌ವರ್ಕ್ ಹಚ್ಚಿಕೊಂಡು ಕೂತಿರ್ತಿದ್ದರು. ನಾನು ಹೊಸ್ತಿಲ ಹೊರಗೆ. ಒಳಗ ಬಾ ಅನ್ನುವ ಮನೆಗಳೂ ಇದ್ದವು, ಇಲ್ಲ ಅಂತ ಹೇಳೂದಿಲ್ಲ. ಆದರೆ ಒಂದು ಗಲ್ಲಿಯಲ್ಲಿ ನನ್ನ ಅಡ್ಡಹೆಸರು ಗೊತ್ತಾದ ಮೇಲೆ ನೋಟನ್ನು ಕೈಗೆ ಕೊಡುವುದು ನಿಂತಿತು. ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯೋರು. ನಾನು ಎತ್ತಿಕೊಂಡು ರಸೀದಿಯನ್ನೂ ಅಲ್ಲೇ ಇಡೋದು.

ಅಲ್ಲಿ ನಿಂತೇ ನಾನು ಗೋಕುನನ್ನು ನೋಡಿದ್ದು. ಒಂದು ಮನೆಯಲ್ಲಿ ಮೂರು ನಿಮಿಷ, ಮುಂದಿನ ಮನೆಯಲ್ಲಿ ಐದು. ನಡುವೆ ಸೈಕಲ್ ತುಳಿಯುವಾಗ ಏನಾಯಿತೋ ಅದು ಹೋಯ್ತು. ಪೆನ್ನು ನಡೀವಲ್ದು ಅಂತ ಝಾಡಿಸಿ ಝಾಡಿಸಿ ಇನ್ನೆರಡು ನಿಮಿಷ ಗಳಿಸ್ತಿದ್ದೆ. ಆ ವಿದ್ಯೆ ಈಗ ಆಫೀಸಿನಲ್ಲೂ ಉಪಯೋಗಕ್ಕೆ ಬರ್ತದೆ.

ನೋಡದವರಿಗೆ ಕಥೆ ಇಷ್ಟು. ಸೈಯನ್ ಅಂತ ಯುದ್ಧಕೋರ ಕುಲ. ಅವರಲ್ಲಿ ಕೂಸು ಹುಟ್ಟಿದ ಕೂಡಲೇ ಬಲ ಎಷ್ಟು ಅಂತ ಪರೀಕ್ಷೆ. ಕಮ್ಮಿ ಬಂದರೆ ಕೀಳು ದರ್ಜೆ, ಎಲ್ಲೋ ದೂರದ, ಲೆಕ್ಕಕ್ಕಿಲ್ಲದ ಗ್ರಹಕ್ಕೆ ಅಟ್ಟಿಬಿಡೋದು. ಗೋಕು ಹಂಗ ಭೂಮಿಗೆ ಬಂದು ಬಿದ್ದವನು. ಕಾಡಿನ ಮುದುಕನೊಬ್ಬ ಸಾಕಿ, ಹೆಸರಿಟ್ಟ. ವರ್ಷಗಳ ಮೇಲೆ ಆ ಕುಲದ ರಾಜಕುಮಾರ ವೆಜಿಟಾ ಹುಡುಕಿಕೊಂಡು ಬರ್ತಾನೆ. ಕಣ್ಣಿಗೆ ಸ್ಕೌಟರ್ ಅಂತ ಒಂದು ಗಾಜು, ಎದುರಿದ್ದವನ ಬಲವನ್ನು ಅಂಕಿಯಲ್ಲಿ ತೋರಿಸುವಂಥದ್ದು. ಮೊದಲನೇ ಕಂತಿನಲ್ಲಿ ಅಂಥದೇ ಗಾಜಿನಿಂದ ಅಳೆಸಿಕೊಳ್ಳುವ ಮೊದಲ ಭೂವಾಸಿ ಒಬ್ಬ ರೈತ. ಬಂದ ಅಂಕಿ ಐದು. ಅವನು ಹೊಡೆದ ಗುಂಡನ್ನೇ ಹಿಡಿದು ಅವನಿಗೇ ತಿರುಗಿ ಹೊಡೆದು ಕೊಂದು ಮುಂದೆ ಹೋಗ್ತಾರೆ. ವೆಜಿಟಾ ಕಡೇತನಕ ಗೋಕುನನ್ನು ಹುಟ್ಟಿನ ಹೆಸರು ಹಿಡಿದೇ ಕರೆಯೋದು: ಕಾಕರಾಟ್. ಇವನು ನಾನು ಗೋಕು ಅಂದರೂ ಕೇಳೂದಿಲ್ಲ.

ನಿಮಗೇನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಸ್ಕೌಟರಿಗೆ "ಪೂರ್ತಿ ಹೆಸರ ಏನ್ರಿ?" ಅಂತಾರೆ. ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಮನೆಯ ಕಾಗವಾಡದ ಹುಡುಗ ವೆಜಿಟಾನ ಮಾತಿಗೆಲ್ಲ ನಮ್ಮ ಭಾಷೆ ಹಚ್ಚಿ ವಾಯ್ಸ್ ಮೆಸೇಜ್ ಕಳಿಸ್ತಿದ್ದ: "ಏ ಕಾಕರಾಟ್, ನೀ ಯಾವ ಗಲ್ಲಿಯಾಂವಲೇ? ನಿಮ್ಮಪ್ಪನ ಹೆಸರ ಹೇಳ!" ನಕ್ಕು ನಕ್ಕು ಸಾಕಾಗ್ತಿತ್ತು. ನಗು ನಿಂತ ಮೇಲೆ ಸ್ವಲ್ಪ ಹೊತ್ತು ಯಾರೂ ಏನೂ ಬರೀತಿರಲಿಲ್ಲ.

ಇನ್ನೊಂದು ಸಂಗತಿ, ಬಹಳ ಜನಕ್ಕೆ ಗೊತ್ತಿಲ್ಲ. ಸೋನ್ ಗೋಕು ಅನ್ನೋದು ಚೀನಾದ ಕಪಿವೀರ ಸುನ್ ವುಕಾಂಗ್ ಹೆಸರಿನ ಜಪಾನಿ ಉಚ್ಚಾರ. ಆ ಕಪಿ ಬರುವುದು 16ನೇ ಶತಮಾನದ ಚೀನೀ ಕಾದಂಬರಿಯಲ್ಲಿ, ಬೌದ್ಧ ಗ್ರಂಥ ತರಲು ನಮ್ಮ ದೇಶದ ಕಡೆ ಹೊರಟ ಭಿಕ್ಕುವಿನ ಕಾವಲಿಗೆ. ಆ ಭಿಕ್ಕುವೇ ನಮ್ಮ ಶಾಲೆಯ ಇತಿಹಾಸದ ಪುಸ್ತಕದ ಹ್ಯೂಯೆನ್ ತ್ಸಾಂಗ್, ಇಮ್ಮಡಿ ಪುಲಿಕೇಶಿಯ ರಾಜ್ಯದಲ್ಲೂ ಓಡಾಡಿ ಹೋದವನು. ವುಕಾಂಗ್ ಅಂದರೆ ಶೂನ್ಯವನ್ನು ಅರಿತವನು. ಬುದ್ಧನ ದಾರಿ ಹಿಡಿದು ಹೋದ ಹೆಸರು ಸುತ್ತು ಹಾಕಿ ನಿಪ್ಪಾಣಿಯ ಗಲ್ಲಿಗೆ ಬಂದಿತ್ತು, ನಾನು ಹೊರಗೆ ನಿಂತಿದ್ದೆ.

ಆ ಸಂಜೆ ನೆನಪಿದೆ. ನೋಟು ಕಟ್ಟೆಯ ಮೇಲೆ ಇಡುತ್ತಿದ್ದ ಅದೇ ಮನೆ. ಒಳಗೆ ಗೋಕು–ವೆಜಿಟಾ ಕಾದಾಟ. ಮೇಲ್ದರ್ಜೆಯವನಿಗೂ ಕೀಳು ದರ್ಜೆಯವನಿಗೂ ನಡುವೆ ದಾಟಲಾಗದ ಗೋಡೆ ಇದೆ ಅಂತ ಅವನು. ಕೀಳು ಅಂತ ಬಿಟ್ಟವನೂ ಜೀವ ಹಾಕಿ ದುಡಿದರೆ ಮೇಲಿನವನನ್ನು ಮೀರಬಹುದು ಅಂತ ಇವನು. ಇಬ್ಬರ ಕೈಯಿಂದ ಬೆಂಕಿಯ ಹೊಳೆ ಹೊರಟು ನಡುವೆ ಡಿಕ್ಕಿ. ಗೋಕುನ ಕಾಮೆಹಾಮೆಹಾ ಗೆದ್ದು ವೆಜಿಟಾ ಆಕಾಶಕ್ಕೆ ಹಾರಿಹೋದ. ಅಷ್ಟರಲ್ಲಿ ನೋಟು ಬಂತು. ಎತ್ತಿಕೊಂಡು ಹೊರಟೆ. ಸೈಕಲ್ ಮೇಲೆ ನಾನೂ ಹಾರುತ್ತಿದ್ದೆ ಅನ್ನಿ.

ಗೋಕು ಗೆದ್ದ, ಒಬ್ಬನೇ, ಕಷ್ಟಪಟ್ಟು ಗೆದ್ದ. ಇಪ್ಪತ್ತೆರಡು ವರ್ಷ ಆ ಮಾತನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಹಾಸ್ಟೆಲ್ ಹುಡುಗರ ಮುಂದೆ ಭಾಷಣದಲ್ಲಿ ಹೇಳಿದೆ, ನೌಕರಿ ಪರೀಕ್ಷೆಗೆ ಓದುವವರಿಗೆ ಹೇಳಿದೆ. ರಾಯಬಾಗದ ತಮ್ಮನಿಗಂತೂ ಎಷ್ಟು ಸಲವೋ. ಅವನು ಅದನ್ನೇ ಸ್ಟೇಟಸ್ ಇಟ್ಟುಕೊಂಡಿದ್ದ.

2024ರ ಏಪ್ರಿಲ್ ಮೊದಲ ವಾರ ಅವನು ಬರೆದ ಬ್ಯಾಂಕ್ ಪರೀಕ್ಷೆಯ ಫಲಿತಾಂಶ ಬಂತು. ಹೆಸರಿರಲಿಲ್ಲ. ಮೂರನೇ ಸಲ. ರಾತ್ರಿ ಸ್ಟೇಟಸ್ ತೆಗೆದ, ಗುಂಪಿನಿಂದ ಹೊರಗೆ ಹೋದ, ಫೋನ್ ಸ್ವಿಚ್ ಆಫ್. ನಮ್ಮ ಹುಡುಗರು ಫೋನ್ ಆಫ್ ಮಾಡಿದರೆ ನಮಗೆ ಎದೆಯಲ್ಲಿ ಏನಾಗ್ತದೆ ಅಂತ ಈ ಪೋಸ್ಟ್ ಓದುವ ನಿಮಗೆ ಬಿಡಿಸಿ ಹೇಳೂದು ಬ್ಯಾಡ. ರೋಹಿತನ ಹೆಸರು ಯಾರೂ ಎತ್ತಲಿಲ್ಲ, ಎಲ್ಲರ ತಲೆಯಲ್ಲೂ ಅದೇ ಇತ್ತು.

ಅದೇ ವಾರ ನಮ್ಮ ನೋಡುವಿಕೆ ಆ ಕಾದಾಟಕ್ಕೆ ಬಂದು ಮುಟ್ಟಿತ್ತು. ಮನಸ್ಸಿರಲಿಲ್ಲ, ಆದರೂ ನೋಡಿದೆ. ಬೆಂಕಿಯ ಹೊಳೆ, ವೆಜಿಟಾ ಹಾರಿಹೋದದ್ದು, ಸರಿ. ಇನ್ನು ಮುಗೀತು ಅಂದುಕೊಂಡೆ. ವೆಜಿಟಾ ವಾಪಸ್ ಬಂದ! ಕೃತಕ ಚಂದ್ರನನ್ನು ಮಾಡಿ, ಗುಡ್ಡದಂಥ ವಾನರನಾಗಿ, ಗೋಕುನ ಕಾಲು ಮುರಿದು, ಮುಷ್ಟಿಯಲ್ಲಿ ಹಿಡಿದು ಕಬ್ಬಿನ ಗಾಣಕ್ಕೆ ಕೊಟ್ಟಂಗ ಹಿಂಡಿದ. ಗೋಕು ಆ ಕಾದಾಟ ಗೆದ್ದೇ ಇಲ್ಲ. ನೆಲದ ಮೇಲೆ ಬಿದ್ದವನು ಏಳೂದೂ ಇಲ್ಲ.

ಗೆದ್ದದ್ದು ಹೆಂಗಂದರೆ, ಯಾಜಿರೋಬೆ ಅಂತ ಒಬ್ಬ ಡೊಳ್ಳಹೊಟ್ಟೆಯ ಪುಕ್ಕಲ, ಬಂಡೆ ಹಿಂದೆ ಅಡಗಿ ಕೂತಿದ್ದವನು, ಮೆಲ್ಲಗೆ ಹಿಂದಿನಿಂದ ಬಂದು ಕತ್ತಿಯಿಂದ ವಾನರನ ಬಾಲ ಕೊಯ್ದು ಮತ್ತೆ ಓಡಿಹೋಗಿ ಅಡಗಿದ. ಬಾಲ ಹೋದ ಕೂಡಲೇ ವೆಜಿಟಾ ಮೊದಲಿನ ಗಾತ್ರಕ್ಕೆ ಇಳಿದ. ಗೋಕು ಗಿಡಮರ, ಪ್ರಾಣಿ, ನೆಲದಿಂದ ಬೇಡಿ ಕೂಡಿಸಿದ್ದ ಶಕ್ತಿಯಲ್ಲಿ ಉಳಿದದ್ದನ್ನು ಕ್ರಿಲಿನ್ ಕೈಗೆ ಕೊಟ್ಟ. ಕ್ರಿಲಿನ್ ಎಸೆದ, ಗುರಿ ತಪ್ಪಿತು. ಗೋಕುನ ಸಣ್ಣ ಮಗ ಗೋಹಾನ್ ಅದನ್ನು ತಿರುಗಿ ಹೊಡೆದ. ಅಷ್ಟಕ್ಕೂ ಸಾಯಲಿಲ್ಲ. ಕಡೆಗೆ ಆ ಹುಡುಗನೇ ವಾನರನಾಗಿ ಮೈಮೇಲೆ ಬಿದ್ದಾಗ ರಾಜಕುಮಾರ ತೆವಳುತ್ತ ಹೋಗಿ ತನ್ನ ನೌಕೆ ಏರಿದ. ನಾನು ಆ ನೋಟು ಎತ್ತಿಕೊಂಡು ಸೈಕಲ್ ಹತ್ತಿದ ಮೇಲೆ ಇಷ್ಟೆಲ್ಲ ಆಗಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ಆಫೀಸಿನಲ್ಲಿ "ಮೀಸಲಾತಿ ಬಿಡ್ರಿ, ಕಷ್ಟಪಟ್ರ ಯಾರರೆ ಬರಬಹುದಲ್ರಿ" ಅಂತ ಚಹಾ ಕುಡೀತಾ ಹೇಳುವವರ ಜೊತೆ ಇಪ್ಪತ್ತು ವರ್ಷ ಜಗಳ ಆಡಿದವ ನಾನು. ಅದೇ ಮಾತನ್ನು ಗೋಕುನ ಅಂಗಿ ತೊಡಿಸಿ ನಮ್ಮ ಹುಡುಗನಿಗೇ ಕೊಟ್ಟಿದ್ದೆ.

ಜಯಂತಿ ಮುಗಿದ ಮರುದಿನ ಅಥಣಿಯ ಅಕ್ಕ ಮತ್ತು ನಾನು ರಾಯಬಾಗದ ಅವನ ಮನೆಗೆ ಹೋದೆವು. ಅವರವ್ವ ಚಹಾ ಇಟ್ಟರು. ಅವನು ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ ಒಂದೇ ಮಾತು: "ನಾ ಕಷ್ಟಬೀಳೂದು ಕಮ್ಮಿ ಆತ ಅಣ್ಣಾ." ನನಗೆ ಉತ್ತರ ಬರಲಿಲ್ಲ. ಮೊಬೈಲ್ ತೆಗೆದು, ಹೊರಸಿನ ಮೇಲೆ ಅವನ ಬಾಜೂಕ ಕೂತು, ಆ ಕಂತುಗಳನ್ನು ಹಚ್ಚಿದೆ. ಯಾಜಿರೋಬೆ ಬಾಲ ಕೊಯ್ದು ಓಡುವಾಗ ಅವನಿಗೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಅವರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ನಾನು ತಪ್ಪು ಹೇಳಿದ್ದೆ ತಮ್ಮಾ, ಅರ್ಧ ನೋಡಿ ಹೇಳಿದ್ದೆ ಅಂದೆ. "ಪೂರ್ತಿ ನೋಡಾಕ ಯಾರ ಬಿಟ್ಟಿದ್ರು ನಿನಗ," ಅಂದ.

ಮುಂದೆ ಮೇ 7ರ ಮತದಾನ, ನನಗೆ ಚುನಾವಣೆ ಕೆಲಸ, ಅಲ್ಲಿಗೆ ಸ್ವಲ್ಪ ದಿನ ನಿಂತಿತು. ಮಳೆಗಾಲದಲ್ಲಿ ದೂಧಗಂಗಾ, ವೇದಗಂಗಾ ಏರಿದಾಗ ಒಮ್ಮೆ ನಿಂತಿತು. ಕೇಸಿನ ಓಡಾಟ ಬಂದಾಗ ನಿಂತಿತು. ಹಿಂಗಾಗಿ ವರ್ಷದ ಮೇಲೆ ಹಿಡಿಯಿತು.

ಎಲ್ಲವೂ ಚಂದ ಇದೆ ಅಂತ ಹೇಳ್ತಿಲ್ಲ. ದೇವರ ಮನೆಯ ಆಳು ಪೋಪೋನನ್ನು ಚಿತ್ರಿಸಿದ ರೀತಿ ನೋಡಿ ಸಿಟ್ಟು ಬಂತು. ಕಪ್ಪು ಜನರನ್ನು ಹಂಗಿಸುವ ಹಳೇ ಚಿತ್ರಗಳ ಗುರುತು ಅದು, ಹೊರದೇಶಗಳಲ್ಲೂ ಆಕ್ಷೇಪ ಎದ್ದಿದೆ. ಕಥೆ ಮುಂದೆ ಹೋದಂತೆ ಮತ್ತೆ ರಕ್ತವೇ ದೊಡ್ಡದಾಗ್ತದೆ, ಸೈಯನ್ ರಕ್ತ ಇಲ್ಲದ ಕ್ರಿಲಿನ್, ಯಾಮ್ಚಾ ಬದಿಗೆ ನಿಂತು ಬಾಯಿಬಿಟ್ಟು ನೋಡುವವರಾಗ್ತಾರೆ. ಅಕ್ಕ ಚೀಚೀ ಪರವಾಗಿ ಒಂದು ರಾತ್ರಿ ಎಲ್ಲರ ಜೊತೆ ಜಗಳಕ್ಕೆ ಬಿದ್ದರು. ಗೋಕುನ ಹೆಂಡತಿ ಆಕೆ, ಸ್ವತಃ ಕುಸ್ತಿ ಬಲ್ಲವಳು, ಮಗ ಓದಬೇಕು ಓದಬೇಕು ಅಂತ ಬಡಕೊಳ್ತಾಳೆ, ನೋಡುವವರೆಲ್ಲ ಆಕೆಯನ್ನು ಕಿರಿಕಿರಿ ಅಂತ ನಗ್ತಾರೆ. "ನಿಮ್ಮವ್ವಗೋಳು ಹಂಗ ಒದರದಿದ್ರ ನೀವೆಲ್ಲಾ ಇವತ್ತ ಎಲ್ಲಿರ್ತಿದ್ರಿ?" ಅಂದರು ಅಕ್ಕ. ನನಗೆ ವಖಾರಿಯಿಂದ ಬಂದು, ಕೆಮ್ಮುತ್ತ, ನನ್ನ ಪುಸ್ತಕದ ಮೇಲಿನ ತಂಬಾಕಿನ ಧೂಳು ಒರೆಸುತ್ತಿದ್ದ ಅವ್ವನ ಕೈ ಕಂಡಿತು.

ಆ ವಖಾರಿ ಹೆಂಗಸರ ಮೇಲೂ ಒಂದು ಸಿನಿಮಾ ಇದೆ, ದೀಪಾ ಧನರಾಜ್ ಮತ್ತು ಅವರ ಯುಗಾಂತರ ಗುಂಪು 1982ರಲ್ಲಿ ನಿಪ್ಪಾಣಿಯಲ್ಲೇ ತೆಗೆದದ್ದು, 'ತಂಬಾಕು ಚಾಕಿಲಾ ಊಬ್ ಆಲಿ'. ನಡುವೆ ಒಂದು ರಾತ್ರಿ ಅದನ್ನೂ ನೋಡಿದೆವು. ಕೂಲಿಗಾಗಿ ಸಂಘ ಕಟ್ಟಿದ ಹೆಂಗಸರು. ಮುಖ ಮುಖ ನೋಡ್ತಾ ಹೋದೆ, ಅವ್ವ ಇದ್ದಾಳೇನು ಅಂತ. 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಿಪ್ಪಾಣಿಯ ಪರಿಷತ್ತಿಗೆ ಬಂದದ್ದನ್ನು ನಾವು ಪ್ರತಿವರ್ಷ ಹೇಳ್ತೇವೆ, ನೂರು ವರ್ಷ ಆಯಿತು ಅಂತ ಬ್ಯಾನರ್ ಕಟ್ಟಿದೆವು. ಆ ಎರಡು ದಿನ ಬಂದ ಜನಕ್ಕೆ ರೊಟ್ಟಿ ಬಡಿದವರು ಯಾರು, ನೀರು ಹೊತ್ತವರು ಯಾರು ಅಂತ ಈ ಸಲ ರಾಯಬಾಗದ ತಮ್ಮ ಮೈಕಿನಲ್ಲಿ ಕೇಳಿದ. ವೇದಿಕೆಯ ಮೇಲಿನವರಿಗೆ ಅದು ಅಷ್ಟು ಸೇರಲಿಲ್ಲ.

ಕಡೆಯ ಯುದ್ಧದಲ್ಲಿ ಒಂದು ತಮಾಷೆ ಇದೆ, ನಮ್ಮ ಚಳವಳಿಯವರು ನೋಡಲೇಬೇಕು. ಬೂ ಅನ್ನುವ ರಾಕ್ಷಸನನ್ನು ಮುಗಿಸಲು ಭೂಮಿಯ ಜನರೆಲ್ಲ ಕೈ ಎತ್ತಿ ತಮ್ಮ ಶಕ್ತಿ ಕೊಡಬೇಕು. ವೆಜಿಟಾ ಕೇಳಿದ, ಗೋಕು ಕೇಳಿದ, ಜನ ನಂಬಲೊಲ್ಲರು. ಕಡೆಗೆ ಮಿಸ್ಟರ್ ಸೇಟನ್ ಅಂತ ಒಬ್ಬ ಸುಳ್ಳುಬುರುಕ, ಟಿವಿಯಲ್ಲಿ ತಾನೇ ಲೋಕ ಉಳಿಸಿದೆ ಅಂತ ಹೇಳಿಕೊಂಡು ದೊಡ್ಡವನಾದವನು, ಅವನು ಒಂದು ಸಲ ಗದರಿಸಿದ ನೋಡ್ರಿ, ಎಲ್ಲರ ಕೈ ಮೇಲೆ. ನಮ್ಮ ಐದು ತಾಲೂಕಿನ ಮಿಸ್ಟರ್ ಸೇಟನ್ ಯಾರು ಅಂತ ಗುಂಪಿನಲ್ಲಿ ಆ ರಾತ್ರಿ ಒಂದು ಪಟ್ಟಿಯೇ ಆಯಿತು. ಇಲ್ಲಿ ಹಾಕೂದಿಲ್ಲ. ನನ್ನ ಹೆಸರೂ ಇತ್ತು.

ರಾಯಬಾಗದ ತಮ್ಮ ಈಗ ಹಗಲು ಸೇವಾ ಕೇಂದ್ರವೊಂದರಲ್ಲಿ ಅರ್ಜಿ ತುಂಬುವ ಕೆಲಸ ಮಾಡ್ತಾನೆ. ರಾತ್ರಿ ಓದ್ತಾನೆ, ಇನ್ನೂ ನಾಲ್ಕು ಹುಡುಗರನ್ನು ಕೂಡಿಸಿಕೊಂಡು. ನಾನು ಉಪದೇಶ ಮಾಡೂದಿಲ್ಲ, ಪುಸ್ತಕ ಬೇಕಾದರೆ ಕಳಿಸ್ತೇನೆ. ಸ್ಟೇಟಸ್ಸಿನಲ್ಲಿ ಯಾಜಿರೋಬೆ ಇದ್ದಾನೆ.

ಸೋಮವಾರದಿಂದ ಮೊದಲಿನ 'ಡ್ರ್ಯಾಗನ್ ಬಾಲ್' ಹಚ್ಚುತ್ತೇವೆ, 153 ಕಂತು. ಯಾಜಿರೋಬೆ ಮೊದಲು ಬರುವುದು ಅದರಲ್ಲೇ. ರಾತ್ರಿ ಹತ್ತಕ್ಕೆ. ಬರುವವರು ಇನ್‌ಬಾಕ್ಸಿಗೆ ಬರ್ರಿ.